ನಮ್ಮ ಕಿವಿಗೆಂದು ಮಾಡಿದ್ದಲ್ಲ: ಐದು ತಾಲೂಕಿನಿಂದ ನೋಡಿದ ಹೆಡ್‌ಫೋನ್ ಇತಿಹಾಸ

ಭಾಗ 1

ಈ ಪೇಜಿನಲ್ಲಿ ಉಚ್ಚಂಗಿದುರ್ಗ ಆಯ್ತು, ಬಾಗಳಿ ಕಲ್ಲೇಶ್ವರ ಆಯ್ತು, ಗುಡೇಕೋಟೆ ಆಯ್ತು. ಈ ಸಲ ಕಲ್ಲು ಬಿಟ್ಟು ಪ್ಲಾಸ್ಟಿಕ್ಕಿಗೆ ಬರೋಣ. ಇದನ್ನ ಓದ್ತಿರೋ ನಿಮ್ಮಲ್ಲಿ ಅರ್ಧ ಜನರ ಕಿವಿಯಲ್ಲಿ ಈಗಲೂ ಒಂದು ಇಯರ್‌ಫೋನ್ ಇರುತ್ತೆ, ಉಳಿದ ಅರ್ಧ ಜನರದ್ದು ಚಾರ್ಜಿಗೆ ಹಾಕಿರುತ್ತೆ. ಮೆಸೇಜಿನಲ್ಲಿ ಜಾಸ್ತಿ ಬರೋ ಪ್ರಶ್ನೆ ಶಾಸನದ ಬಗ್ಗೆ ಅಲ್ಲ, "ಸಾವಿರ ರೂಪಾಯಿ ಒಳಗೆ ಯಾವುದು ತಗೊಳ್ಳಲಿ?" ಅಂತ.

ಉತ್ತರ ಕೊಡ್ತೀನಿ, ಆದ್ರೆ ಇತಿಹಾಸದ ದಾರಿ ಹಿಡಿದು. ಕೂಡ್ಲಿಗಿ, ಕೊಟ್ಟೂರು, ಎಚ್‌ಬಿ ಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹುಡುಗ ಹುಡುಗಿಯರು ಕಿವಿಗೆ ಹಾಕ್ಕೊಳ್ಳೋ ಈ ಸಾಮಾನು ಯಾರಿಗೋ, ಯಾವುದೋ ಕೆಲಸಕ್ಕೆ ಹುಟ್ಟಿದ್ದು. ಹಡಗಿನಲ್ಲಿ ತಂತಿರಹಿತ ಸಂದೇಶ ಕೇಳೋರಿಗೆ ಒಂದು, ಟೆಲಿಫೋನ್ ಆಪರೇಟರಿಗೆ ಒಂದು, ಟೋಕಿಯೋದ ರಸ್ತೆಯಲ್ಲಿ ನಡೆಯೋರಿಗೆ ಒಂದು. ನಮ್ಮ ಧೂಳು, ನಮ್ಮ ಬಿಸಿಲು, ನಮ್ಮ ಕೆಂಪು ಬಸ್ಸು ಅವರ ಲೆಕ್ಕದಲ್ಲಿ ಇರಲಿಲ್ಲ. ಹಂಗಾಗಿ ಹೋಲಿಸೋವಾಗ ಅವರ ಅಳತೆ ಸಾಲದು, ನಮ್ಮದೂ ಬೇಕು.

ಅಳತೆ ಮೂರು. ಸದ್ದು ಹೆಂಗೈತಿ? ಕಿವಿಗೆ ಹಿತವಾಗಿದೆಯಾ? ಎಷ್ಟು ದಿನ ಬಾಳಿಕೆ ಬರುತ್ತೆ? ಜಾಹೀರಾತಿನವರು ಮೊದಲನೆಯದನ್ನ ಕೂಗಿ ಹೇಳ್ತಾರೆ, ಎರಡನೆಯದನ್ನ ಫೋಟೋದಲ್ಲಿ ತೋರಿಸ್ತಾರೆ, ಮೂರನೆಯದನ್ನ ವಾರಂಟಿ ಕಾರ್ಡಿನ ಸಣ್ಣ ಅಕ್ಷರದಲ್ಲಿ ಬಚ್ಚಿಡ್ತಾರೆ.

ಭಾಗ 2

ಯಂತ್ರ ಇಲ್ಲದ ಕಾಲದಲ್ಲಿ ಗದ್ದಲದ ಮಧ್ಯೆ ಒಂದು ಮಾತು ಕೇಳಿಸ್ಕೊಳ್ಳೋದು ಹೆಂಗೆ? ಹಡಗಲಿ ತಾಲೂಕಿನವರಿಗೆ ಇದು ಹೇಳಿಕೊಡಬೇಕಿಲ್ಲ. ಭರತ ಹುಣ್ಣಿಮೆ ಹೊತ್ತಿನ ಮೈಲಾರ ಜಾತ್ರೆ. ಡೆಂಕನಮರಡಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಡಮರುಗ, ಪೀಪಿ, ಕಳೆದುಹೋದ ಮಕ್ಕಳ ಹೆಸರು ಕೂಗೋ ಮೈಕು. ಗೊರವಯ್ಯ ಬಿಲ್ಲು ಏರ್ತಾನೆ, "ಸದ್ದಲೇ" ಅಂತಾನೆ. ಅಷ್ಟೇ. ಲಕ್ಷಾಂತರ ಜನ ಒಟ್ಟಿಗೆ ಬಾಯಿ ಮುಚ್ತಾರೆ. ಆಮೇಲೆ ಬರೋದು ಒಂದೇ ಸಾಲು ಕಾರಣಿಕ, ಅದನ್ನ ಹೇಳಿ ಅವನು ಮೇಲಿಂದ ಕೆಳಗೆ ಬೀಳ್ತಾನೆ, ಕೆಳಗಿದ್ದವರು ಹಿಡ್ಕೊಳ್ತಾರೆ. ಆ ಒಂದು ಸಾಲಿನ ಮೇಲೆ ಮಳೆ ಬೆಳೆ ರಾಜಕೀಯ ಎಲ್ಲದರ ಚರ್ಚೆ ವರ್ಷಪೂರ್ತಿ ನಡೆಯುತ್ತೆ. ಈಗಿನ ಇಯರ್‌ಬಡ್ಡಿನ ಡಬ್ಬಿ ಮೇಲೆ "ನಾಯ್ಸ್ ಕ್ಯಾನ್ಸಲೇಶನ್" ಅಂತ ಬರೆದಿರ್ತಾರಲ್ಲ, ಅದನ್ನ ಮೈಲಾರದಲ್ಲಿ ಜನರೇ ಮಾಡ್ತಾರೆ, ಬ್ಯಾಟರಿ ಇಲ್ಲದೆ.

ಇದನ್ನ ಸುಮ್ಮನೆ ಎಳೆದು ತಂದಿಲ್ಲ. ಹೆಡ್‌ಫೋನ್ ಮಾಡಿದವನ ಕಷ್ಟವೂ ಇದೇ ಜಾತಿಯದು. ಅಮೆರಿಕದ ಯೂಟಾ ಅನ್ನೋ ಕಡೆ ನತಾನಿಯೆಲ್ ಬಾಲ್ಡ್ವಿನ್ ಅಂತ ಒಬ್ಬ. ಅವನ ಪಂಥದ ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಉಪದೇಶ ಸರಿಯಾಗಿ ಕೇಳಿಸ್ತಿರಲಿಲ್ಲ. ಸದ್ದು ಹಿಗ್ಗಿಸೋ ಉಪಾಯ ಹುಡುಕ್ತಾ ಹೋದ. ಕೊನೆಗೆ ಅಡುಗೆಮನೆಯಲ್ಲೇ ಕೂತು, ತೆಳ್ಳನೆ ಅಭ್ರಕದ ತಗಡು ಅದುರೋ ಹಂಗೆ ಮಾಡಿ, ಎರಡು ಕಿವಿಗೆ ಎರಡು ಬಟ್ಟಲು ಇಟ್ಟ. 1910ರಲ್ಲಿ ಅಮೆರಿಕದ ನೌಕಾಪಡೆಗೆ ಒಂದು ಜೊತೆ ಕಳಿಸಿದ, ಜೊತೆಗೆ ನೇರಳೆ ಇಂಕಿನ ಒಂದು ಪತ್ರ. ನೌಕಾಪಡೆಯವರು ಹಾಕ್ಕೊಂಡು ನೋಡಿ ಬೆರಗಾಗಿ ಆರ್ಡರ್ ಕೊಟ್ಟರು. ಅಡುಗೆಮನೆಯಲ್ಲಿ ಮಾಡೋದು ಅಂದ ಮೇಲೆ ಒಂದು ಸಲಕ್ಕೆ ಹತ್ತು ಜೊತೆ ಮೇಲೆ ಆಗ್ತಿರಲಿಲ್ಲ.

ಸದ್ದು ಪಾಸು. ಹಿತದ ವಿಷಯಕ್ಕೆ ನೌಕಾಪಡೆಯಿಂದ ದೂರು ಬಂತು, ತಲೆಪಟ್ಟಿ ಒತ್ತುತ್ತೆ ಅಂತ. ಆಗ ಬಾಲ್ಡ್ವಿನ್ ಎರಡು ಲೋಹದ ಕಡ್ಡಿಗೆ ಚರ್ಮ ಸುತ್ತಿ, ಮೇಲೆ ಕೆಳಗೆ ಸರಿಸೋ ಹಂಗೆ ಮಾಡಿದ. ನಿಮ್ಮ ದೊಡ್ಡ ಹೆಡ್‌ಫೋನಿನಲ್ಲಿ "ಟಿಕ್ ಟಿಕ್" ಅಂತ ಉದ್ದ ಮಾಡ್ತೀರಲ್ಲ, ಅದರ ಅಜ್ಜ ಅದು. ಬಾಳಿಕೆ? ಸ್ಕ್ರೂ ಬಿಚ್ಚಿದರೆ ಒಳಗಿನದು ಎಲ್ಲಾ ಕಾಣೋದು. ನೂರು ವರ್ಷದ ಮೇಲೂ ಹಳೇ ರೇಡಿಯೋ ಹುಚ್ಚಿನವರ ಹತ್ರ ಇನ್ನೂ ಕೆಲಸ ಮಾಡೋ ಜೊತೆಗಳಿವೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3 (ಚಿಕ್ಕದು)

ಬಾಲ್ಡ್ವಿನ್‌ಗಿಂತ ಮುಂಚೆಯೂ ಕಿವಿಗೆ ಕಟ್ಟೋ ಸಾಮಾನು ಇತ್ತು. 1880ರ ದಶಕದ ಟೆಲಿಫೋನ್ ಆಪರೇಟರುಗಳ ಹೆಗಲ ಮೇಲೆ ಕೂರಿಸ್ತಿದ್ದ ಒಂದು ಸಾಧನ ಸುಮಾರು ನಾಲ್ಕೂವರೆ ಕೆಜಿ ತೂಗ್ತಿತ್ತು! 1891ರಲ್ಲಿ ಫ್ರಾನ್ಸಿನ ಎರ್ನೆಸ್ಟ್ ಮರ್ಕಾಡಿಯೆ ಅದಕ್ಕೆ ತದ್ವಿರುದ್ಧ ಮಾಡಿದ: ಕಿವಿಯ ಒಳಗೇ ಸಿಕ್ಕಿಸೋ, 50 ಗ್ರಾಂ ಆಸುಪಾಸಿನ, ತುದಿಗೆ ರಬ್ಬರ್ ಟೋಪಿ ಇರೋ ಸಾಧನ. ನೀವು ಈಗ ಹಾಕ್ಕೊಂಡಿರೋದರ ಮೂಲ ಅದು. ಸಿಲಿಕಾನ್ ಟಿಪ್ಪು ಹೊಸದೇನಲ್ಲ ಅಂತಾಯ್ತು.

ಇನ್ನೊಂದು ತಮಾಷೆ. 1889ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹೆಂಡದಂಗಡಿಯಲ್ಲಿ ಕಾಸು ಹಾಕಿದರೆ ಹಾಡೋ ಫೋನೋಗ್ರಾಫ್ ಇಟ್ಟರು. ಡಾಕ್ಟರ ಸ್ಟೆತಾಸ್ಕೋಪಿನಂಥ ಕೊಳವೆ ಕಿವಿಗಿಟ್ಟು ಕೇಳೋದು. ಪಕ್ಕದಲ್ಲಿ ಒಂದು ಟವಲ್ಲು, ಮುಂದಿನವನಿಗೆ ಕೊಡೋ ಮುಂಚೆ ಒರೆಸೋಕೆ. ಹಾಸ್ಟೆಲ್‌ನಲ್ಲಿ ಒಂದು ಇಯರ್‌ಫೋನ್ ಐದು ಜನ ಹಂಚಿಕೊಳ್ಳೋ ಮಹಾನುಭಾವರೇ, ಟವಲ್ ಎಲ್ಲಿ?

ಭಾಗ 4

ಈಗ ನಮ್ಮ ಕಡೆಗೆ ಬರೋಣ. 1953ರ ಅಕ್ಟೋಬರ್ 1ರ ತನಕ ನಾವು ಮದ್ರಾಸಿನವರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲಾ ಬಳ್ಳಾರಿ ಜಿಲ್ಲೆ, ಬಳ್ಳಾರಿ ಮದ್ರಾಸಿನಲ್ಲಿ. ಎಚ್‌ಬಿ ಹಳ್ಳಿ, ಕೊಟ್ಟೂರು ಆಗಿನ್ನೂ ತಾಲೂಕೇ ಅಲ್ಲ. (ಹರಪನಹಳ್ಳಿಯವರು ಆಮೇಲೆ 1997ರಲ್ಲಿ ದಾವಣಗೆರೆಗೆ ಹೋಗಿ, ವಾಪಸ್ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರು. ಅವರ ಆಧಾರ್ ಕಾರ್ಡಿನ ಕಥೆ ಬೇರೆ ಸರಣಿಯೇ ಬೇಕು.)

1924ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಪ್ರಸಾರ ಶುರು ಮಾಡ್ತು. ಆ ಕಾಲದ ಅಗ್ಗದ ರೇಡಿಯೋ ಅಂದ್ರೆ ಕ್ರಿಸ್ಟಲ್ ಸೆಟ್ಟು. ಕರೆಂಟೂ ಬೇಡ, ಸೆಲ್ಲೂ ಬೇಡ, ಗಾಳಿಯಲ್ಲಿ ಬರೋ ಅಲೆಯ ಶಕ್ತಿಯೇ ಸಾಕು. ಆದ್ರೆ ಅಷ್ಟು ಸಣ್ಣ ಶಕ್ತಿಗೆ ದೊಡ್ಡ ಸ್ಪೀಕರ್ ಅದುರಲ್ಲ, ಕಿವಿಗೇ ಹಾಕ್ಕೋಬೇಕು. ಅಂದ್ರೆ ಮೊದಮೊದಲ ರೇಡಿಯೋ ಕೇಳುಗರಿಗೆ ಹೆಡ್‌ಫೋನ್ ಶೋಕಿಯಲ್ಲ, ಅದಿಲ್ಲದೆ ಕೇಳೋಕೇ ಆಗ್ತಿರಲಿಲ್ಲ. ಕ್ರಿಸ್ಟಲ್ ಸೆಟ್ಟಿಗೆ ಮದ್ರಾಸು ನಮ್ಮ ಊರ ತನಕ ಸಿಗೋ ಮಾತೇ ಇಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ಶುರು ಮಾಡಿದ ಆಕಾಶವಾಣಿಯೂ 30 ವಾಟಿನದು.

ನಮ್ಮ ಸೀಮೆಗೆ ಕನ್ನಡದ ದನಿ ಗಟ್ಟಿಯಾಗಿ ಹತ್ತಿರ ಬಂದಿದ್ದು 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ. ಗಮನಿಸಿ: ಆಗ ಧಾರವಾಡ ಬೊಂಬಾಯಿ ರಾಜ್ಯದಲ್ಲಿತ್ತು, ನಾವು ಮದ್ರಾಸಿನಲ್ಲಿ. ಕರ್ನಾಟಕ ಒಂದಾಗಿದ್ದು 1956ರಲ್ಲಿ. ನಕಾಶೆ ಒಂದಾಗೋ ಮುಂಚೆ ಕಿವಿ ಒಂದಾಗಿತ್ತು ಅಂತ ನನ್ನ ಅಭಿಪ್ರಾಯ.

ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋ ಹೆಗಲಿಗೆ ಬಂತು. ಕುರಿ ಕಾಯೋರ ಹೆಗಲ ಮೇಲೆ ಕಂಬಳಿ, ಪಕ್ಕಕ್ಕೆ ತೂತು ತೂತಿನ ಚರ್ಮದ ಕವಚದ ರೇಡಿಯೋ. ಸೆಲ್ಲು ಮುಗಿದರೆ ಬಿಸಿಲಿಗೆ ಇಟ್ಟು ಇನ್ನೊಂದೆರಡು ದಿನ ಎಳೀತಿದ್ರು. ನಿಮ್ಮ ಅಜ್ಜನ ಕೇಳ್ರಿ, ನಗ್ತಾರೆ. ಆ ರೇಡಿಯೋದ ಪಕ್ಕದಲ್ಲಿ ಒಂದು ಸಣ್ಣ ತೂತು, ಅದಕ್ಕೆ ಒಂದೇ ಕಿವಿಯ, ಹಾಲುಬಣ್ಣದ ಇಯರ್‌ಫೋನು. ಈಗ ನೋಡಿದರೆ ಅಯ್ಯೋ ಪಾಪ ಅನ್ಸುತ್ತೆ. ಸದ್ದು ಡಬ್ಬಿಯೊಳಗಿಂದ ಬಂದಂಗೆ, ಕಿವಿಗೆ ಗಟ್ಟಿ ಪ್ಲಾಸ್ಟಿಕ್ಕು, ಅರ್ಧ ಗಂಟೆಗೆ ನೋವು.

ಆದ್ರೆ ಒಂದೇ ಕಿವಿ ಅಂತ ಕೊರತೆ ಏನೂ ಇರಲಿಲ್ಲ. ಕಾರಣ ಆಗಿನ ಪ್ರಸಾರವೂ ಮೋನೋ, 60ರ ದಶಕದ ಕನ್ನಡ ಸಿನಿಮಾ ಹಾಡೂ ಮೋನೋ. ಎರಡೂ ಕಿವಿಗೆ ಒಂದೇ ಸದ್ದು. ಪಿ.ಬಿ. ಶ್ರೀನಿವಾಸ್ ಹಾಡನ್ನ ಈಗಲೂ ಗೆಳತಿ ಜೊತೆ ಒಂದೊಂದು ಬಡ್ ಹಂಚಿಕೊಂಡು ಕೇಳಿ, ಇಬ್ಬರಿಗೂ ಪೂರ್ತಿ ಹಾಡು ಸಿಗುತ್ತೆ. ಈಗಿನ ಹಾಡು ಹಂಗೆ ಹಂಚಿಕೊಂಡರೆ ಒಬ್ಬರಿಗೆ ಗಿಟಾರು, ಇನ್ನೊಬ್ಬರಿಗೆ ಕೀಬೋರ್ಡು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ ಒಳಗೆ "ಮೋನೋ ಆಡಿಯೋ" ಅಂತ ಇರುತ್ತೆ, ಅದನ್ನ ಆನ್ ಮಾಡಿ ಹಂಚಿಕೊಳ್ಳಿ. ಒಂದು ಕಿವಿ ಮಾತ್ರ ಕೇಳೋರಿಗೆ ಅಂತ ಇಟ್ಟಿದ್ದು ಅದು, ಅವರಿಗೆ ದೊಡ್ಡ ಉಪಕಾರ.

ಭಾಗ 5

ನನ್ನ ಪ್ರಕಾರ ಹೆಡ್‌ಫೋನಿನ ಬಾಳಿಕೆಯ ಬಂಗಾರದ ಕಾಲ 1937ರಿಂದ 1979ರ ತನಕ. ಜರ್ಮನಿಯ ಬೇಯರ್ ಕಂಪನಿ 1937ರಲ್ಲಿ ತಂದ ಡಿಟಿ 48 ಅನ್ನೋ ಮಾದರಿಯನ್ನ 2012ರ ತನಕ ಮಾಡ್ತಾನೇ ಇದ್ದರು. 75 ವರ್ಷ! ಅಮೆರಿಕದ ಜಾನ್ ಕಾಸ್ 1958ರಲ್ಲಿ ಸ್ಟೀರಿಯೋ ಹೆಡ್‌ಫೋನ್ ತಂದ ಮೇಲೆ ಹಾಡು ಕೇಳೋಕೆಂದೇ ಹೆಡ್‌ಫೋನ್ ಕೊಳ್ಳೋದು ಶುರುವಾಯ್ತು. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಬಂತು, ಹಳದಿ ಸ್ಪಂಜಿನದು. ಅದರ ಜಾಣತನ ಎರಡು ಕಡೆ. ಒಂದು, ಕಿವಿಯನ್ನ ಪೂರ್ತಿ ಮುಚ್ಚದೆ ಗಾಳಿ ಆಡೋಕೆ ಬಿಟ್ಟಿದ್ದು. ಸದ್ದು ಹಗುರ, ಕಿವಿ ಬೆವರಲ್ಲ. ಎರಡು, ಸ್ಪಂಜು, ವೈರು, ಪಟ್ಟಿ ಎಲ್ಲಾ ಕೈಯಲ್ಲೇ ಬಿಚ್ಚಿ ಬದಲಿಸಬಹುದಿತ್ತು. ಒಂದು ಕೋಟಿಗಿಂತ ಜಾಸ್ತಿ ಮಾರಾಟ ಆಯ್ತು.

1979ರ ಜುಲೈ 1ಕ್ಕೆ ಸೋನಿ ವಾಕ್‌ಮನ್. ಎಲ್ಲರೂ ಟೇಪಿನ ಬಗ್ಗೆ ಮಾತಾಡ್ತಾರೆ, ನಿಜವಾದ ಪವಾಡ ಅದರ ಜೊತೆಗಿದ್ದ ಹೆಡ್‌ಫೋನು. ಆಗಿನ ಹೆಡ್‌ಫೋನ್ 300–400 ಗ್ರಾಂ ತೂಗ್ತಿದ್ದವು, ಇದು 50 ಗ್ರಾಂ ಆಸುಪಾಸು. ತಲೆ ಮೇಲೆ ಇದೆ ಅಂತಲೇ ಗೊತ್ತಾಗದಷ್ಟು ಹಗುರ. ಸೋನಿಯ ಯಜಮಾನ ಅಕಿಯೋ ಮೊರಿಟಾಗೆ ಒಂದು ಚಿಂತೆ: ಒಬ್ಬರೇ ಕಿವಿ ಮುಚ್ಕೊಂಡು ಕೂರೋದು ಪಕ್ಕದವರಿಗೆ ಮರ್ಯಾದೆ ಕೊಟ್ಟಂಗಲ್ಲ ಅಂತ. ಅದಕ್ಕೇ ಮೊದಲ ವಾಕ್‌ಮನ್‌ಗೆ ಎರಡು ಹೆಡ್‌ಫೋನ್ ತೂತು, ಜೊತೆಗೆ ಒಂದು ಕಿತ್ತಳೆ ಬಟನ್ನು. ಅದನ್ನ ಒತ್ತಿದರೆ ಹಾಡು ಸಣ್ಣಗಾಗಿ ಮೈಕಿನಿಂದ ಇಬ್ಬರೂ ಮಾತಾಡಬಹುದು. ಜನ ಅದನ್ನ ಬಳಸಲೇ ಇಲ್ಲ. ಎರಡನೇ ತೂತು ಮುಂದಿನ ಮಾದರಿಗಳಲ್ಲಿ ಮಾಯ ಆಯ್ತು.

ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಹೇಳೋ "ನಿತ್ಯೋತ್ಸವ" ಬಂದಿದ್ದು 1978ರಲ್ಲಿ, ವಾಕ್‌ಮನ್‌ಗಿಂತ ಒಂದು ವರ್ಷ ಮುಂಚೆ. ಆದ್ರೆ ನಮ್ಮ ಕಡೆ ಕ್ಯಾಸೆಟ್ಟು ಕಿವಿಯೊಳಗೆ ಹೋಗಲಿಲ್ಲ, ಹೊರಗೇ ಹಾಡ್ತು. ಟೀ ಅಂಗಡಿ, ಟ್ರ್ಯಾಕ್ಟರು, ಟೆಂಪೋ, ಮದುವೆ ಪೆಂಡಾಲು. ಜನಪದ, ಬಯಲಾಟ, ಕಂಪನಿ ನಾಟಕದ ಕ್ಯಾಸೆಟ್ ಹಾಕಿದರೆ ಓಣಿಯೆಲ್ಲಾ ಕೇಳ್ಬೇಕು. ವಾಕ್‌ಮನ್ ದುಬೈಗೆ ಹೋದವರ ಮನೆಯ ಸಾಮಾನು. ಜಪಾನಿನವರು ಒಬ್ಬೊಬ್ಬರೇ ಕೇಳೋದು ಕಲಿತ ಕಾಲದಲ್ಲಿ ನಾವು ಊರಿಗೇ ಕೇಳಿಸೋದು ಕಲಿತೆವು. ಎರಡರಲ್ಲಿ ಯಾವುದು ಒಳ್ಳೇದು ಅಂತ ಪರೀಕ್ಷೆ ಹಿಂದಿನ ರಾತ್ರಿ ಪಕ್ಕದ ಮನೆಯಲ್ಲಿ ಸೀಮಂತ ಇದ್ದವರು ಹೇಳಲಿ.

ಭಾಗ 6

2016ರ ಸೆಪ್ಟೆಂಬರ್ ಮೊದಲ ವಾರ ನೆನಪಿಡಬೇಕಾದ ವಾರ. ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯ್ತು, 7ಕ್ಕೆ ಆಪಲ್ ಕಂಪನಿ ಹೆಡ್‌ಫೋನ್ ತೂತೇ ಇಲ್ಲದ ಐಫೋನ್ 7 ತೋರಿಸ್ತು. ಮೊದಲನೆಯದು ನಮ್ಮ ಹಳ್ಳಿಗೂ ಹಾಡಿನ ಹೊಳೆ ಹರಿಸ್ತು. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ದುಡ್ಡು ಕೊಟ್ಟು ಹಾಡು ತುಂಬಿಸೋದು ನಿಂತುಹೋಯ್ತು. ಎರಡನೆಯದು ಆ ಹಾಡು ಕಿವಿಗೆ ಬರೋ ದಾರಿ ಬದಲಿಸ್ತು. ವೈರು ಹೋಗಿ ಬ್ಲೂಟೂತ್ ಬಂತು, ಕೊರಳಿಗೆ ನೆಕ್‌ಬ್ಯಾಂಡು, ಆಮೇಲೆ ಬಿಡಿ ಬಿಡಿ ಬಡ್ಡು. ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಈಗ ಬೋಟ್ ಬೇಸ್‌ಹೆಡ್ಸ್ ಅಂತ ಕೇಳಿದರೆ ಎಲ್ಲರಿಗೂ ಗೊತ್ತು, ಹೆಸರಲ್ಲೇ ಬೇಸ್ ಇದೆ.

ಆದ್ರೆ ಹೆಡ್‌ಫೋನೇ ಹಾಕದೆ ಬಸ್ಸಲ್ಲಿ ಜೋರಾಗಿ ರೀಲ್ಸ್ ನೋಡೋರ ಕಾಟ ಎಷ್ಟಾಯ್ತು ಅಂದ್ರೆ ವಿಷಯ ಹೈಕೋರ್ಟಿಗೇ ಹೋಯ್ತು. 2021ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಸರ್ಕಾರಿ ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಹಾಡು, ವಿಡಿಯೋ ಜೋರಾಗಿ ಹಚ್ಚೋದನ್ನ ತಡೀಬೇಕು ಅಂತ ಹೇಳ್ತು. ಮೊರಿಟಾಗೆ ಕಿವಿ ಮುಚ್ಕೊಳ್ಳೋದು ಅಮರ್ಯಾದೆ ಅನ್ಸಿತ್ತು. ನಲವತ್ತೆರಡು ವರ್ಷ ಆದ ಮೇಲೆ ನಮ್ಮಲ್ಲಿ ಕಿವಿ ಮುಚ್ಕೊಂಡು ಕೇಳೋದೇ ಮರ್ಯಾದೆ ಆಯ್ತು.

ಭಾಗ 7: ಈಗ ಹೋಲಿಕೆ

ಸದ್ದು. ನೂರು ವರ್ಷದಲ್ಲಿ ಸದ್ದು ಬಹಳ ಸುಧಾರಿಸಿದೆ, ಅಗ್ಗದ್ದರಲ್ಲೂ. ಅಂಗಡಿಯಲ್ಲಿ ಡಿಜೆ ಹಾಡು ಹಾಕಿ ಪರೀಕ್ಷೆ ಮಾಡಬೇಡಿ, ಅದು ಯಾವುದರಲ್ಲಿ ಹಾಕಿದರೂ "ಧಡ್ ಧಡ್" ಅನ್ನುತ್ತೆ. ಪಿ.ಬಿ. ಶ್ರೀನಿವಾಸ್ ಕೆಳಸ್ಥಾಯಿಯ ಒಂದು ಹಾಡು ಹಾಕಿ. ಆ ದನಿ ಬೆಚ್ಚಗೆ, ಬಿಡಿಸಿ ಕೇಳಿದರೆ ಸರಿ, ಕಂಬಳಿ ಹೊದ್ದಂಗೆ ಮಂಕಾಗಿದ್ರೆ ಬೇಸ್ ಅತಿಯಾಗಿದೆ ಅಂತ ಅರ್ಥ. ಆಮೇಲೆ ಎಸ್. ಜಾನಕಿ ಹಾಡು ಹಾಕಿ. "ಸ", "ಶ" ಅಕ್ಷರ ಸೂಜಿ ಚುಚ್ಚಿದಂಗೆ ಬಂದರೆ ಬೇಡ. ಇನ್ನೊಂದು ಮಾತು, ಬೇಸ್ ಬರ್ತಿಲ್ಲ ಅಂತ ಬೈಯೋ ಮುಂಚೆ ಟಿಪ್ಪು ಬದಲಿಸಿ ನೋಡಿ. ಡಬ್ಬಿಯಲ್ಲಿ ಮೂರು ಅಳತೆಯವು ಸುಮ್ಮನೆ ಕೊಟ್ಟಿರಲ್ಲ. ಕಿವಿಗೆ ಸರಿಯಾಗಿ ಕೂರದೆ ಗಾಳಿ ಸೋರಿದರೆ ಬೇಸ್ ಕೂಡ ಸೋರಿಹೋಗುತ್ತೆ.

ನಾಯ್ಸ್ ಕ್ಯಾನ್ಸಲೇಶನ್ ಬೇಕಾ? ಈ ಹುಚ್ಚು ಹೆಚ್ಚಿಸಿದವರಲ್ಲಿ ಮುಖ್ಯ ಅಮರ್ ಬೋಸ್, ಬಂಗಾಳದಿಂದ ಅಮೆರಿಕಕ್ಕೆ ಹೋದ ತಂದೆಯ ಮಗ. 1978ರಲ್ಲಿ ವಿಮಾನದಲ್ಲಿ ಎಂಜಿನ್ ಸದ್ದಿಗೆ ಹಾಡೇ ಕೇಳಿಸದೆ ಕೂತಲ್ಲೇ ಲೆಕ್ಕ ಶುರು ಮಾಡಿದರು. ಹೊರಗಿನ ಸದ್ದಿಗೆ ಉಲ್ಟಾ ಸದ್ದು ಹುಟ್ಟಿಸಿ ಎರಡನ್ನೂ ಹೊಡೆದುಹಾಕೋದು. ಇದು ಎಂಜಿನ್ನಿನಂಥ ಒಂದೇ ಸಮನೆಯ ಗುಂಯ್ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಮಾತು, ಹಾರ್ನಿಗೆ ಅಷ್ಟಿಲ್ಲ. ದಿನಾ ಕೂಡ್ಲಿಗಿಯಿಂದ ಹೊಸಪೇಟೆಗೆ ಬಸ್ಸಲ್ಲಿ ಓಡಾಡೋರಿಗೆ ಉಪಯೋಗ ಇದೆ. ಮನೆಯಲ್ಲಿ ಓದೋರಿಗೆ ಆ ದುಡ್ಡು ದಂಡ.

ಹಿತ. ಕಿವಿ ಮುಚ್ಚೋ ದೊಡ್ಡ ಹೆಡ್‌ಫೋನು, ಅದರ ನಕಲಿ ಚರ್ಮದ ದಿಂಬು, ನಮ್ಮ ಏಪ್ರಿಲ್ಲು. 40 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೆ ಕಿವಿ ಬೆಂದುಹೋಗುತ್ತೆ, ಬೆವರಿಗೆ ಆ ಚರ್ಮ ಸಿಪ್ಪೆ ಏಳುತ್ತೆ. ದೊಡ್ಡದೇ ಬೇಕು ಅಂದ್ರೆ ಬಟ್ಟೆ ದಿಂಬಿನದು ನೋಡಿ, ದಿಂಬು ಬಿಚ್ಚಿ ಬದಲಿಸೋಕೆ ಬರುತ್ತಾ ಕೇಳಿ.

ಬಾಳಿಕೆ. ಇಲ್ಲಿ ಇತಿಹಾಸ ಹಿಂದಕ್ಕೆ ನಡೆದಿದೆ. 1910ರದ್ದನ್ನ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಬಹುದಿತ್ತು, 1968ರದ್ದನ್ನ ಬರಿಗೈಯಲ್ಲಿ. 2016ರಲ್ಲಿ ಬಂದ ಮೊದಲ ಏರ್‌ಪಾಡ್‌ಗೆ, ಸಾಮಾನು ಬಿಚ್ಚಿ ರಿಪೇರಿ ಪರೀಕ್ಷೆ ಮಾಡೋ ಐಫಿಕ್ಸಿಟ್‌ನವರು ಹತ್ತಕ್ಕೆ ಸೊನ್ನೆ ಕೊಟ್ಟರು. ಅಂಟು ಹಾಕಿ ಮುಚ್ಚಿದ್ದು, ಒಡೆಯದೆ ಬಿಚ್ಚೋಕೆ ಆಗಲ್ಲ. ಬಡ್ಡಿನೊಳಗೆ ಕಡಲೆಕಾಳಿನಷ್ಟು ಬ್ಯಾಟರಿ. ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಅದು ಸೋಲುತ್ತೆ. ಮೊದಲು ಐದು ಗಂಟೆ ಬರ್ತಿದ್ದದ್ದು ಎರಡು ಗಂಟೆಗೆ ಬರುತ್ತೆ, ಆಮೇಲೆ ಎಡಗಡೆದು ಸತ್ತು ಬಲಗಡೆದು ಉಳಿಯುತ್ತೆ. ಬಿಸಿಲಲ್ಲಿ ಬೈಕಿನ ಸೀಟಿನ ಮೇಲೆ ಡಬ್ಬಿ ಬಿಟ್ಟರೆ ಇನ್ನೂ ಬೇಗ.

ಡಬ್ಬಿ ಮೇಲೆ "ಐಪಿಎಕ್ಸ್ 4" ಅಂತ ನೋಡಿ ಖುಷಿಪಡ್ತೀರಿ ಅಲ್ವಾ? ಆ ಗುರುತಿನಲ್ಲಿ ಎರಡು ಅಂಕಿ ಇರಬೇಕು: ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. 4 ಅಂದ್ರೆ ನೀರಿನ ಹನಿ ಎರಚಿದರೆ ತಡೆಯುತ್ತೆ. ಧೂಳಿನ ಜಾಗದಲ್ಲಿರೋ "ಎಕ್ಸ್" ಅಂದ್ರೆ ಆ ಪರೀಕ್ಷೆಯ ಅಂಕಿಯನ್ನೇ ಕೊಟ್ಟಿಲ್ಲ ಅಂತ. ಮಳೆಗಿಂತ ಧೂಳೇ ಜಾಸ್ತಿ ಇರೋ ನಮ್ಮ ಊರಿಗೆ ಬೇಕಾದ ಅಂಕಿಯೇ ಅಲ್ಲಿಲ್ಲ! "ಐಪಿ 54", "ಐಪಿ 55" ಅಂತ ಇದ್ದರೆ ಮೊದಲ 5 ಧೂಳಿನದು. ಅದನ್ನ ಹುಡುಕಿ.

ಹಂಗಾದ್ರೆ ಸಾವಿರ ರೂಪಾಯಿಗೆ? ಕೂಲಿ ದುಡ್ಡಲ್ಲಿ, ಸ್ಕಾಲರ್‌ಶಿಪ್ ದುಡ್ಡಲ್ಲಿ ಕೊಳ್ಳೋರಿಗೆ ನನ್ನ ಓಟು ವೈರಿಗೇ. ಅದೇ ಬೆಲೆಗೆ ಸದ್ದೂ ಹೆಚ್ಚು, ಸಾಯೋ ಬ್ಯಾಟರಿಯೂ ಇಲ್ಲ. ವೈರು ಹರಿಯೋದು ಸಾಮಾನ್ಯವಾಗಿ ಪಿನ್ನಿನ ಬುಡದಲ್ಲಿ. ಬುಡದಲ್ಲಿ ಉದ್ದನೆ ರಬ್ಬರ್ ಇರೋದು, ಪಿನ್ನು ಎಲ್ ಆಕಾರದಲ್ಲಿರೋದು ಜೇಬಿನಲ್ಲಿ ಜಾಸ್ತಿ ತಾಳುತ್ತೆ. ಹರಿದರೆ ರೇಡಿಯೋ, ಮೊಬೈಲ್ ರಿಪೇರಿಯವರು ಬೆಸುಗೆ ಹಾಕ್ತಾರೆ. ಒಳಗಿನ ಎಳೆಗಳ ಮೇಲೆ ಬಣ್ಣದ ಲೇಪ ಇರುತ್ತೆ, ಅದನ್ನ ಸುಟ್ಟು ತೆಗೀದೆ ಬೆಸುಗೆ ಕೂರಲ್ಲ, ಇದನ್ನ ಬಲ್ಲವರ ಹತ್ರ ಕೊಡಿ. ಇನ್ನೂ ಒಳ್ಳೇದು, ಕೆಝಡ್‌ನಂಥ ಕಂಪನಿಗಳ ವೈರ್ ಕಳಚೋ ಇಯರ್‌ಫೋನು. ವೈರು ಹೋದರೆ ವೈರಷ್ಟೇ ಬದಲಿಸೋದು. ಎಚ್‌ಡಿ 414ರ ಬುದ್ಧಿ ಅಗ್ಗದಲ್ಲಿ ವಾಪಸ್ ಬಂದಿದೆ ಅಂದ್ಕೊಳ್ಳಿ. ಫೋನಿನಲ್ಲಿ ತೂತಿಲ್ಲದವರು ಟೈಪ್ ಸಿ ಕನೆಕ್ಟರ್ ತಗೋಬೇಕು, ಅದೊಂದು ಖರ್ಚು.

ಭಾಗ 8

ಕಿವಿ ಮಾತ್ರ ಬದಲಿಸೋಕೆ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹಿಂಗಿದೆ: 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಆದ್ರೆ ವಾರಕ್ಕೆ ನಾಲ್ಕೇ ಗಂಟೆ. 100 ಆದ್ರೆ ವಾರಕ್ಕೆ 20 ನಿಮಿಷ, ಅಂದ್ರೆ ನಾಲ್ಕೈದು ಹಾಡು. ಬಸ್ಸಿನ ಗದ್ದಲ ಮೀರಿಸೋಕೆ ವಾಲ್ಯೂಮ್ ಏರಿಸ್ತೀವಲ್ಲ, ಅಪಾಯ ಅಲ್ಲಿದೆ. ಕಿವಿಗೆ ಸರಿಯಾಗಿ ಕೂರೋ ಟಿಪ್ಪು ಇದ್ದರೆ ಅಷ್ಟು ಏರಿಸೋ ಅಗತ್ಯ ಬೀಳಲ್ಲ. ಫೋನ್ ಪಕ್ಕಕ್ಕಿಟ್ಟ ಮೇಲೂ ಕಿವಿಯಲ್ಲಿ "ಗುಂಯ್" ಅಂತ ಉಳಿದರೆ ಅವತ್ತಿಗೆ ಸಾಕು ಮಾಡಿ. ದಿನಾ ಹಂಗೇ ಆದ್ರೆ ಡಾಕ್ಟರಿಗೆ ತೋರಿಸಿ. ಬೈಕಿನ ಮೇಲೆ, ರೈಲು ಹಳಿ ದಾಟೋವಾಗ ಎರಡೂ ಕಿವಿಯಿಂದ ತೆಗೀರಿ. ಹೊಸಪೇಟೆ–ಹರಿಹರ ಹಳಿ ಎಚ್‌ಬಿ ಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರರಲ್ಲೂ ಹಾಯುತ್ತೆ, ಅದನ್ನ ನಡ್ಕೊಂಡು ದಾಟಿ ಕಾಲೇಜಿಗೆ ಬರೋರು ನಮ್ಮಲ್ಲೇ ಇದ್ದಾರೆ.

ನಿಮ್ಮ ಮನೆ ಅಟ್ಟದ ಮೇಲೆ ಚರ್ಮದ ಕವಚದ ರೇಡಿಯೋ, ಹಾಲುಬಣ್ಣದ ಒಂಟಿ ಇಯರ್‌ಫೋನು, ವಾಕ್‌ಮನ್ ಏನಾದ್ರೂ ಇದ್ದರೆ ಫೋಟೋ ತೆಗೆದು ಕಳಿಸಿ. ಯಾವ ಊರು, ಯಾರದ್ದು, ಯಾವ ಸ್ಟೇಷನ್ ಕೇಳ್ತಿದ್ರು ಅಂತ ಎರಡು ಸಾಲು ಬರೀರಿ. ಮುಂದಿನ ವಾರ ಅವನ್ನೇ ಹಾಕೋಣ.

#ನಮ್ಮಊರಇತಿಹಾಸ #ವಿಜಯನಗರಜಿಲ್ಲೆ #ಕೂಡ್ಲಿಗಿ #ಕೊಟ್ಟೂರು #ಎಚ್‌ಬಿಹಳ್ಳಿ #ಹಡಗಲಿ #ಹರಪನಹಳ್ಳಿ